ಮನೆಪಾಠದ ಲೆಕ್ಕ

ಪಟ್ಟಣಗಳಲ್ಲಿ ಒಂದು ಹೊಸ ಮಾತು ಓಡಾಡುತ್ತಿದೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಂತೆ. ಅದಕ್ಕೆ ಖರ್ಚೆಷ್ಟು, ಕಾನೂನು ಏನನ್ನುತ್ತೆ ಎಂದು ಓದಿದ ಅಪ್ಪ ಅಮ್ಮಂದಿರು ವಿಚಾರಿಸುತ್ತಿದ್ದಾರೆ. ಕೇಳಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಟ್ಟಿಗಳಲ್ಲಿ ನಮ್ಮ ಮಕ್ಕಳು ತಲೆತಲಾಂತರ ಮನೆಯಲ್ಲೇ ಉಳಿದವರು. ಅದನ್ನು ಯಾರೂ ಮನೆಪಾಠ ಅನ್ನಲಿಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗೆ ಮುಂಚೆ ಇದ್ದದ್ದು ಕೂಲಿಮಠ. ಐನೋರ ಜಗಲಿ, ಮರಳಿನ ಮೇಲೆ ಬೆರಳು, ಕಡತದ ಮೇಲೆ ಬಳಪ. ಕೂಲಿ ಕೊಡಬಲ್ಲವನ ಮಗ ಕಲಿತ. ನಮ್ಮವರು ಕೊಡ್ತೀವಿ ಅಂದರೂ ಜಗಲಿ ಹತ್ತುವಂತಿರಲಿಲ್ಲ. 1868ರಲ್ಲಿ ಬಿ.ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ಬಾಗಿಲು ಸರ್ಕಾರದ್ದು, ಹೊಸ್ತಿಲು ಮಾತ್ರ ಜಾತಿಯದು.

ಇದು ನಮ್ಮ ಸೀಮೆಯ ಕತೆಯೊಂದೇ ಅಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಒಬ್ಬನಿಗಾಗಿ ಬಹುಜನರ ಮನಸ್ಸು ನೋಯಿಸಲಾಗದು ಎಂದು ಮುಂಬಯಿ ಸರ್ಕಾರ ಕೈಚೆಲ್ಲಿತು. ಆ ಹುಡುಗನ ಹೆಸರನ್ನೂ ಚರಿತ್ರೆ ನಮಗೆ ಉಳಿಸಿಕೊಡಲಿಲ್ಲ.

1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆಯ್ದ ಊರುಗಳಲ್ಲಿ ಶಿಕ್ಷಣ ಕಡ್ಡಾಯ. ಕಡ್ಡಾಯ ಎಂದರೆ ಮಗುವನ್ನು ಕಳಿಸುವ ಹೊಣೆ ಹೆತ್ತವರ ತಲೆ ಮೇಲೆ. ಆದರೆ ಪಂಚಮರ ಮಕ್ಕಳನ್ನು ಜಾತಿಯ ಕಾರಣಕ್ಕೆ ತಡೆಯಬಾರದೆಂಬ ಆದೇಶ ಬಂದದ್ದು 1915ರಲ್ಲಿ. ಕ್ರಮ ನೋಡಿ: ಮೊದಲು ಹೊಣೆ, ಆಮೇಲೆ ಬಾಗಿಲು. ಆ ಆದೇಶಕ್ಕೂ ಮೇಲ್ಜಾತಿಯವರಿಂದ ಪ್ರತಿಭಟನೆ ಬಂತು.

1950ರ ಸಂವಿಧಾನ ಹತ್ತು ವರ್ಷದೊಳಗೆ ಹದಿನಾಲ್ಕು ವಯಸ್ಸಿನವರೆಗೆ ಉಚಿತ ಕಡ್ಡಾಯ ಶಿಕ್ಷಣ ಎಂದಿತು. ರಾಜ್ಯದಲ್ಲಿ 1961ರಲ್ಲಿ ಮತ್ತೊಂದು ಕಡ್ಡಾಯ ಶಿಕ್ಷಣ ಕಾಯಿದೆ ಬಂತು. ಆ ಹೊತ್ತಿಗೆ ನಮ್ಮಜ್ಜ ಒಡೆಯರ ಮನೆಯ ಜೀತದಲ್ಲಿದ್ದ. ಶಾಲೆಗೆ ಹೋಗಿದ್ದು ಎರಡೇ ವರ್ಷ, ಅದೂ ಬಾಗಿಲ ಪಕ್ಕದಲ್ಲಿ ಬೇರೆ ಕೂತು. "ಇಸ್ಕೂಲಿಗೆ ದುಡ್ಡಿರ್ಲಿಲ್ಲ ಕಣಪ್ಪ, ಆದ್ರೆ ನಾನ್ ಓದ್ತಾ ಕೂತ್ರೆ ದನ ಯಾರ್ ಕಾಯ್ತಿದ್ರು? ಸಾಲ ಯಾರ್ ತೀರಿಸ್ತಿದ್ರು?" ಅಂತಿದ್ದ. ಶಿಕ್ಷಣದ ಖರ್ಚು ಅಂದರೆ ಶುಲ್ಕ, ಪುಸ್ತಕ ಎಂದು ಬರೆಯುವವರು ಈ ಲೆಕ್ಕ ಹಾಕಿಲ್ಲ. ಮಗು ತರುತ್ತಿದ್ದ ಒಂದು ಸೇರು ರಾಗಿ ಬಿಟ್ಟುಕೊಡುವುದೇ ನಮ್ಮ ಶುಲ್ಕ. ಜೀತ ರದ್ದಾದದ್ದು 1976ರ ಕಾಯಿದೆಯಲ್ಲಿ.

2002ರ ತಿದ್ದುಪಡಿಯಲ್ಲಿ ಶಿಕ್ಷಣ ಮೂಲಭೂತ ಹಕ್ಕಾಯಿತು. ಓದಿಸುವುದು ಹೆತ್ತವರ ಮೂಲಭೂತ ಕರ್ತವ್ಯವೂ ಆಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 10ನೇ ಕಲಮಿನಂತೆ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಸೇರಿಸದವರಿಗೆ ಆ ಕಾಯಿದೆಯಲ್ಲಿ ಶಿಕ್ಷೆ ಇಲ್ಲ. 8ನೇ ಕಲಮು ಮಗು ಸೇರುವಂತೆ, ಹಾಜರಿರುವಂತೆ, ಓದು ಮುಗಿಸುವಂತೆ ನೋಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಈ ಎರಡನೆಯದನ್ನು ಹಟ್ಟಿಯವರಿಗೆ ಯಾರೂ ಓದಿ ಹೇಳುವುದಿಲ್ಲ. ಮನೆಪಾಠದ ಬಗ್ಗೆ ಈ ಕಾಯಿದೆ ಬಾಯಿ ಬಿಡುವುದಿಲ್ಲ. ಆ ಮೌನ ಉಳ್ಳವರಿಗೆ ಆಯ್ಕೆ, ಇಲ್ಲದವರಿಗೆ ಹಳ್ಳ.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಎಲ್ಲರ ಮನೆಯೂ ಶಾಲೆಯಾಯಿತು ಅಂದರು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ನಮ್ಮ ಹಟ್ಟಿಯಲ್ಲಿ ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತಿತ್ತು. ಮಕ್ಕಳು ಶುಂಠಿ ಹೊಲಕ್ಕೆ ಹೋದವು. ಬಿಸಿಯೂಟದ ತಟ್ಟೆ ಶಾಲೆಯಲ್ಲೇ ಬೀಗದೊಳಗೆ ಉಳಿಯಿತು. ಆಗ ನಾನು ಹೊಂಗೆ ಮರದ ಕೆಳಗೆ ಆರು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ. ನಮ್ಮವ್ವ ದೂರ ನಿಂತು ನೋಡುತ್ತಿದ್ದಳು. ಅವಳಿಗೆ ಓದು ಬಾರದು. ಅವತ್ತು ತಿಳಿಯಿತು: ಮನೆ ಶಾಲೆಯಾಗಬೇಕಾದರೆ ಮೊದಲು ಆ ಮನೆಯ ಒಬ್ಬರಾದರೂ ಶಾಲೆ ಕಂಡಿರಬೇಕು.

ಮನೆಯಲ್ಲಿ ಓದಿಸುವವರು ಓದಿಸಲಿ. ನಮ್ಮ ಮಗುವಿಗೆ ಬೇಕಾದದ್ದು ಊರೊಳಗಿನ ಸರ್ಕಾರಿ ಶಾಲೆ. ಮಕ್ಕಳು ಕಮ್ಮಿ ಎಂದು ಅದಕ್ಕೆ ಬೀಗ ಹಾಕಲು ಬಂದ ದಿನ, ಗೆಳೆಯರೆ, ಮೇಷ್ಟ್ರುಗಳೆ, 8ನೇ ಕಲಮನ್ನು ಹಟ್ಟಿಯ ನಡುವೆ ನಿಂತು ಗಟ್ಟಿಯಾಗಿ ಓದಿ. ಕರ್ತವ್ಯ ಯಾರದೆಂದು ನಮ್ಮವ್ವನಿಗೂ ಕೇಳಿಸಲಿ.