ಎಳೆಮಕ್ಕಳ ಇಸುಬು: ಸ್ಟೀರಾಯ್ಡ್ ಮುಲಾಮಿನ ಏಳು ದಶಕ

ಮಗುವಿನ ಇಸುಬಿಗೆ ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹಚ್ಚಲು ಎಷ್ಟೋ ಮನೆಗಳಲ್ಲಿ ಭಯ. ಇನ್ನೆಷ್ಟೋ ಮನೆಗಳಲ್ಲಿ ಚೀಟಿಯೇ ಇಲ್ಲದೆ ಅಂಗಡಿಯಿಂದ ತಂದು ಹಚ್ಚುವ ಧೈರ್ಯ. ಎರಡರಿಂದಲೂ ನರಳುವುದು ಮಗುವೇ.

1952ರಲ್ಲಿ ಅಮೆರಿಕದ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್, ಹೈಡ್ರೊಕಾರ್ಟಿಸೋನ್ ಲೇಪನ ಇಸುಬನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ಕಲ್ಲಿದ್ದಲ ಟಾರಿನ ಲೇಪಗಳನ್ನು ನೆಚ್ಚಿಕೊಂಡಿದ್ದ ಚರ್ಮವೈದ್ಯಕ್ಕೆ ಅದು ದೊಡ್ಡ ತಿರುವು. ಮುಂದಿನ ಎರಡು ದಶಕಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಬಹುಪಟ್ಟು ಪ್ರಬಲವಾದ ಔಷಧಗಳು ಬಂದವು. ಅವುಗಳ ಹಿಂದೆಯೇ ಹಾನಿಯೂ ಕಾಣಿಸಿತು: ತೆಳುವಾದ ಚರ್ಮ, ಮೇಲೆದ್ದು ಕಾಣುವ ಸಣ್ಣ ರಕ್ತನಾಳಗಳು, ಅಡ್ರಿನಲ್ ಗ್ರಂಥಿಯ ಕುಗ್ಗುವಿಕೆ.

ಕಾರಣವೂ ಸ್ಪಷ್ಟವಾಯಿತು. ಹೈಡ್ರೊಕಾರ್ಟಿಸೋನ್ ಮುಂಗೈಗಿಂತ ದವಡೆಯ ಚರ್ಮದಲ್ಲಿ ಹಲವು ಪಟ್ಟು ಹೆಚ್ಚು ಹೀರಲ್ಪಡುತ್ತದೆ ಎಂಬುದನ್ನು ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಅಳೆದು ತೋರಿಸಿದರು. ಹಸುಳೆಗೆ ದೇಹತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೇ ದೊಡ್ಡದು. ಬಿಗಿಯಾದ ಡಯಾಪರ್ ಕೆಳಗೆ ಹಚ್ಚಿದ ಔಷಧ ಇನ್ನಷ್ಟು ಒಳಗಿಳಿಯುತ್ತದೆ.

ಹಾನಿಯ ಸುದ್ದಿ ಹರಡಿದಂತೆ ಭಯವೂ ಬೆಳೆಯಿತು. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಶೇ. 72.5ರಷ್ಟು ಮಂದಿ ಈ ಮುಲಾಮುಗಳ ಬಗ್ಗೆ ಆತಂಕ ಹೇಳಿಕೊಂಡಿದ್ದರು; ಶೇ. 24ರಷ್ಟು ಮಂದಿ ಅದೇ ಕಾರಣಕ್ಕೆ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸಿರಲಿಲ್ಲ. ಇತ್ತ ಮಗು ನಿದ್ದೆಗೆಟ್ಟು ಕೆರೆದುಕೊಳ್ಳುತ್ತದೆ, ಗಾಯಕ್ಕೆ ಸೋಂಕು ತಗಲುತ್ತದೆ.

ಭಯಕ್ಕೆ ಉತ್ತರ ಕೊಟ್ಟದ್ದು ಅಳತೆ. ದೊಡ್ಡವರ ತೋರುಬೆರಳ ತುದಿಯಷ್ಟು, ಅಂದರೆ ಸುಮಾರು ಅರ್ಧ ಗ್ರಾಂ ಮುಲಾಮು ಎರಡು ಅಂಗೈಯಗಲದ ಚರ್ಮಕ್ಕೆ ಸಾಕೆಂಬ ಲೆಕ್ಕ 1991ರಲ್ಲಿ ಬಂತು. 2002ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಮೂರು ದಿನ ಹಚ್ಚಿದ ಪ್ರಬಲ ಮುಲಾಮು ಏಳು ದಿನ ಹಚ್ಚಿದ ಸೌಮ್ಯ ಮುಲಾಮಿನಷ್ಟೇ ಫಲ ಕೊಟ್ಟಿತು. 2015ರಲ್ಲಿ ಪ್ರಕಟವಾದ ಅಧ್ಯಯನ 2,400ಕ್ಕೂ ಹೆಚ್ಚು ಶಿಶುಗಳನ್ನು ಐದು ವರ್ಷ ಗಮನಿಸಿ, ಸೌಮ್ಯ ಹಾಗೂ ಮಧ್ಯಮ ಸ್ಟೀರಾಯ್ಡನ್ನು ಸ್ಟೀರಾಯ್ಡ್ ಅಲ್ಲದ ಪಿಮೆಕ್ರೊಲಿಮಸ್ ಜೊತೆ ಹೋಲಿಸಿತು. ಚರ್ಮ ತೆಳುವಾದ ಪ್ರಕರಣ ಸಿಕ್ಕಿದ್ದು ಒಂದೇ. ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2022ರ ಕಾಕ್ರೇನ್ ಸಮೀಕ್ಷೆಯಲ್ಲಿ 2,266 ಮಂದಿಯ ಪೈಕಿ 26 ಮಂದಿಗೆ ಈ ತೊಂದರೆ ಕಂಡಿತ್ತು. ಅದೂ ಹೆಚ್ಚಾಗಿ ಪ್ರಬಲ ಔಷಧಗಳಿಂದ. ಆದರೆ ಅಲ್ಲಿನ ಬಹುತೇಕ ಪ್ರಯೋಗಗಳು ಅಲ್ಪಾವಧಿಯವು ಎಂಬುದನ್ನು ಮರೆಯಬಾರದು.

ಈ ಭರವಸೆ ಸಲ್ಲುವುದು ವೈದ್ಯರ ನಿಗಾದಲ್ಲಿ ಹಚ್ಚಿದ ಮುಲಾಮಿಗೆ ಮಾತ್ರ. ಭಾರತದ ದೊಡ್ಡ ಸಮಸ್ಯೆ ಬೇರೆ: ಕ್ಲೋಬೆಟಸಾಲ್ ಜೊತೆ ಶಿಲೀಂಧ್ರನಾಶಕ, ಆ್ಯಂಟಿಬಯೊಟಿಕ್ ಬೆರೆಸಿದ ಟ್ಯೂಬುಗಳು ತುರಿಕೆಗೆಲ್ಲ ಮದ್ದಾಗಿ ಮನೆಮನೆ ಸೇರಿವೆ. ಚರ್ಮತಜ್ಞರ ಸತತ ಒತ್ತಾಯದ ನಂತರ, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯಗೊಳಿಸಿತು. ನಿಯಮದ ಬಲವಿರುವುದು ಔಷಧದಂಗಡಿಯ ಕಟ್ಟೆಯ ಮೇಲೆ ಅದು ಪಾಲನೆಯಾದಾಗಲೇ.

ಆದ್ದರಿಂದ ವೈದ್ಯರ ಕೋಣೆಯಿಂದ ಹೊರಡುವ ಮೊದಲು ತಂದೆತಾಯಿ ನಾಲ್ಕು ಸಂಗತಿ ಕೇಳಿ ತಿಳಿದುಕೊಳ್ಳಲಿ: ಮುಲಾಮು ಎಷ್ಟು ಪ್ರಬಲ, ಯಾವ ಜಾಗಕ್ಕೆ, ಎಷ್ಟು ಪ್ರಮಾಣ, ಎಷ್ಟು ದಿನ. ಇವನ್ನು ಚೀಟಿಯಲ್ಲೇ ಸ್ಪಷ್ಟವಾಗಿ ಬರೆದುಕೊಡುವುದು ವೈದ್ಯರ ಹೊಣೆ.