ಮಜ್ಜನಗೃಹ, ಶೌಚ, ಬಾತ್‌ರೂಮ್: ಒಂದು ಪದವಿಚಾರ

ಬೆಂಗಳೂರಿನ ಉತ್ತರಭಾಗದ ಸಹಕಾರನಗರದಂತಹ ಬಡಾವಣೆಗಳಲ್ಲಿ 'ಬಾತ್‌ರೂಮ್' ಎಂಬ ಮಾತು ಎರಡು ಅರ್ಥಗಳಲ್ಲಿ ಸಲ್ಲುತ್ತದೆ. ಸ್ನಾನದ ಕೋಣೆಯೆಂಬುದು ಅದರ ಅಕ್ಷರಾರ್ಥ. ಮಲಮೂತ್ರ ವಿಸರ್ಜನೆಯ ಸ್ಥಳವೆಂಬುದು ರೂಢಾರ್ಥ. 'ಬಾತ್‌ರೂಮಿಗೆ ಹೋಗಿಬರುತ್ತೇನೆ' ಎಂದವನು ಮೀಯಲು ಹೋದನೆಂದು ಯಾರೂ ತಿಳಿಯರು. ಲೋಕವ್ಯವಹಾರದಲ್ಲಿ ಇದರಿಂದ ಬಾಧಕವಿಲ್ಲ. ಆದರೆ ಆಚಾರಗ್ರಂಥಗಳ ಹಸ್ತಪ್ರತಿಗಳಿಗೆ ಹೊಸಗನ್ನಡದಲ್ಲಿ ಅರ್ಥ ಬರೆಯುವಾಗ ಈ ಬೆರಕೆಯು ಸಿದ್ಧಾಂತಕ್ಕೇ ತೊಡಕನ್ನು ತರಬಲ್ಲುದು.

ಪ್ರಾಚೀನರು ಈ ಎರಡು ಕ್ರಿಯೆಗಳಿಗೆ ಬೇರೆ ಬೇರೆ ಶಬ್ದಗಳನ್ನೇ ಬಳಸಿದರು. ಶ್ವೇತಾಂಬರ ಆಗಮವಾದ ಕಲ್ಪಸೂತ್ರದಲ್ಲಿ ಸಿದ್ಧಾರ್ಥರಾಜನು ವ್ಯಾಯಾಮಶಾಲೆಯಿಂದ ಹೊರಟು ಸ್ನಾನಕ್ಕಾಗಿ ಪ್ರವೇಶಿಸುವ ಸ್ಥಳ 'ಮಜ್ಜಣಘರ', ಎಂದರೆ ಮಜ್ಜನಗೃಹ. ಮಲಮೂತ್ರಗಳಿಗೆ ಆಗಮಗಳಲ್ಲಿ 'ಉಚ್ಚಾರ', 'ಪ್ರಸ್ರವಣ' ಎಂಬ ಶಬ್ದಗಳುಂಟು. ಆಚಾರಾಂಗದ ಎರಡನೆಯ ಶ್ರುತಸ್ಕಂಧದಲ್ಲಿ ಇವುಗಳ ವಿಧಿಗೇ ಒಂದು ಅಧ್ಯಯನವು ಮೀಸಲಾಗಿದೆ.

ದಿಗಂಬರ ಸಂಪ್ರದಾಯದಲ್ಲಿ ಈ ಭೇದವು ಇನ್ನೂ ಸ್ಪಷ್ಟ. ವಟ್ಟಕೇರರ ಮೂಲಾಚಾರವು ಹೇಳುವ ೨೮ ಮೂಲಗುಣಗಳಲ್ಲಿ 'ಅಸ್ನಾನ'ವೂ ಒಂದು. ಪಂಚಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗಸಮಿತಿ ಅಥವಾ ಪ್ರತಿಷ್ಠಾಪನಾಸಮಿತಿಯೂ ಅವುಗಳಲ್ಲಿಯೇ ಸೇರಿದೆ. ಮೊದಲನೆಯದು ಸ್ನಾನದ ತ್ಯಾಗ. ಎರಡನೆಯದು ಜೀವಜಂತುಗಳಿಲ್ಲದ ನೆಲವನ್ನು ನೋಡಿ ಮಲಮೂತ್ರಗಳನ್ನು ವಿಸರ್ಜಿಸುವ ಎಚ್ಚರ. ಒಂದು ಬಿಡತಕ್ಕದ್ದು, ಇನ್ನೊಂದು ಯತ್ನಾಚಾರದಿಂದ ನಡೆಸತಕ್ಕದ್ದು. ಈ ಎರಡಕ್ಕೂ ಒಂದೇ ಶಬ್ದವನ್ನು ಹಾಕಿದರೆ ಸ್ನಾನವನ್ನು ತ್ಯಜಿಸಿದ ಮುನಿಯನ್ನು ಸ್ನಾನಗೃಹಕ್ಕೆ ಕಳುಹಿಸಿದಂತಾಗುತ್ತದೆ.

'ಶೌಚ' ಶಬ್ದದ ಗತಿಯೂ ವಿಚಾರಾರ್ಹವಾಗಿದೆ. ದಶಧರ್ಮಗಳಲ್ಲಿ ಉತ್ತಮಶೌಚವೆಂದರೆ ಲೋಭದ ಅಭಾವ. ಮುನಿಯ ಕಮಂಡಲುವಿಗೆ ಶೌಚೋಪಕರಣವೆಂಬ ಹೆಸರಿದೆ. ಅಲ್ಲಿ ಶೌಚವು ದೇಹಶುದ್ಧಿ. ಇಂದಿನ 'ಶೌಚಾಲಯ'ದಲ್ಲಾದರೋ ಅದು ಮಲವಿಸರ್ಜನೆಯನ್ನೇ ಸೂಚಿಸುತ್ತದೆ. ಒಂದೇ ಶಬ್ದವು ಆತ್ಮದಿಂದ ದೇಹಕ್ಕೂ, ದೇಹಶುದ್ಧಿಯಿಂದ ಮಲಕ್ಕೂ ಇಳಿದು ಬಂದಿದೆ.

ಕನ್ನಡದ ಬಳಕೆಯ ಶಬ್ದಗಳಲ್ಲಿಯೂ ಇಂತಹ ವಿಭಾಗವಿತ್ತು. ಮೀಯುವುದು, ಜಳಕ, ಮಜ್ಜನ ಇವು ಸ್ನಾನಕ್ಕೆ. ಹಿತ್ತಲಿಗೆ ಹೋಗುವುದು, ಬಯಲಿಗೆ ಹೋಗುವುದು ಇವು ವಿಸರ್ಜನೆಗೆ. 'ಬಚ್ಚಲು' ಎಂಬುದು ಮೀಯುವ ಸ್ಥಳವನ್ನೂ ಕೊಳೆನೀರು ಹರಿದುಹೋಗುವ ಕುಳಿಯನ್ನೂ ಹೇಳುತ್ತದೆ. ಆದರೆ ಮಲವಿಸರ್ಜನೆಯ ಸ್ಥಳ ಅದಲ್ಲ. ಅದಕ್ಕೆ ಪಾರಸಿ ಮೂಲದ 'ಪಾಯಖಾನೆ' ಮೊದಲಾದ ಶಬ್ದಗಳು ಬಂದವು. ಮನೆಯ ರಚನೆಯೂ ಹಾಗೆಯೇ ಇತ್ತು: ಬಚ್ಚಲು ಒಳಗೆ, ಪಾಯಖಾನೆ ಹಿತ್ತಲಿನಲ್ಲಿ. ಬೆಂಗಳೂರಿಗೆ ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ೧೮೯೮ರ ಪ್ಲೇಗಿನ ಅನಂತರ ಬೆಳೆದ ಮಲ್ಲೇಶ್ವರದಲ್ಲಿ ಪಾಯಖಾನೆಗಳ ನಿರ್ಮಲೀಕರಣಕ್ಕೆಂದೇ ಮನೆಗಳ ಹಿಂದೆ ಓಣಿಗಳಿದ್ದವು. ೧೯೭೪ರಲ್ಲಿ ಕಾವೇರಿಯ ನೀರು ನಗರವನ್ನು ಮುಟ್ಟಿತು. ನೀರಿನ ಕೊಳವೆಯೂ ಒಳಚರಂಡಿಯೂ ಮನೆಯೊಳಗೆ ಸೇರಿದಂತೆ ಹಿತ್ತಲಿನದು ಒಳಗೆ ಬಂದಿತು. ಎರಡು ಕೋಣೆಗಳು ಒಂದಾದವು. ಎರಡು ಅರ್ಥಗಳೂ ಒಂದಾದವು. ಸಂಕೋಚದ ಕ್ರಿಯೆಗೆ ಸ್ನಾನದ ಹೆಸರನ್ನು ಹೊದಿಸುವ ರೂಢಿ ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲಿಷಿನ 'ಲ್ಯಾವೆಟರಿ' ಶಬ್ದವೂ ತೊಳೆಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು.

ಆದುದರಿಂದ ಸಂಪಾದಕರು ಇಂದಿನ ಮನೆಯ ರಚನೆಯನ್ನು ಅಂದಿನ ಗ್ರಂಥಕ್ಕೆ ಆರೋಪಿಸಬಾರದು. ಮಜ್ಜನವೆಂದಿರುವಲ್ಲಿ ಅದು ಗೃಹಸ್ಥನ ಸ್ನಾನವೋ ಜಿನಬಿಂಬದ ಅಭಿಷೇಕವೋ ಎಂಬುದನ್ನೂ, ಶೌಚವೆಂದಿರುವಲ್ಲಿ ಧರ್ಮವೋ ದೇಹಶುದ್ಧಿಯೋ ಎಂಬುದನ್ನೂ ಪ್ರಕರಣದಿಂದ ನಿರ್ಣಯಿಸಬೇಕು. ಶ್ರವಣಬೆಳಗೊಳದ ೧೩ನೆಯ ಶತಮಾನದ ಶಾಸನಗಳು ಗೊಮ್ಮಟಸ್ವಾಮಿಯ ನಿತ್ಯಾಭಿಷೇಕದ ಹಾಲಿಗಾಗಿ ದತ್ತಿಗಳನ್ನು ಹೇಳುತ್ತವೆ. ಅದೇ ಸ್ವಾಮಿಯ ಮುಂದೆ ನಿಂತು ಅಭಿಷೇಕವನ್ನು ನೋಡುವ ಮುನಿಯು ತಾನು ಅಸ್ನಾನವ್ರತಿ. ಶಬ್ದಗಳ ಮೇರೆಯನ್ನು ಕಾಯ್ದರೆ ಮಾತ್ರ ಈ ಎರಡರ ತಾತ್ಪರ್ಯವೂ ಓದುಗನಿಗೆ ದಕ್ಕುತ್ತದೆ.