ಹಳೆಯ ಒಡಲು, ಹೊಸ ಯಂತ್ರ

1912ರಲ್ಲಿ ಕೋಪನ್‌ಹೇಗನ್ನಿನ ಬರ್ಮೈಸ್ಟರ್ ಅಂಡ್ ವೈನ್ ಕಾರ್ಖಾನೆಯಿಂದ ಹೊರಟ ‘ಸೆಲಾಂಡಿಯಾ’ ಎಂಬ ಡೀಸೆಲ್ ನೌಕೆಯು ಹೊಗೆಗೊಳವೆಯ ಹಂಗಿಲ್ಲದೆ ಬ್ಯಾಂಕಾಕಿನವರೆಗೆ ಸಾಗಿದರೂ ಉಗಿಯ ಯುಗವೇನೂ ಒಡನೆಯೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ಕಟ್ಟಿದ 2,710 ‘ಲಿಬರ್ಟಿ’ ಸರಕುನೌಕೆಗಳಿಗೆಲ್ಲ ಹತ್ತೊಂಬತ್ತನೆಯ ಶತಮಾನದ ವಿನ್ಯಾಸದ, 2,500 ಅಶ್ವಶಕ್ತಿಯ ಉಗಿಯಂತ್ರವೇ ಗತಿಯಾಯಿತು. ಅದನ್ನು ಸಾಮಾನ್ಯ ಕಾರ್ಖಾನೆಗಳೂ ಮಾಡಿಕೊಡಬಲ್ಲವಾಗಿದ್ದುವು.

ಯುದ್ಧಾನಂತರ ಈ ಮಂದಗತಿಯ ನೌಕೆಗಳನ್ನು ಪುನರುಜ್ಜೀವನಗೊಳಿಸಬಹುದೇ ಎಂಬುದನ್ನು ಪರೀಕ್ಷಿಸಲು ಅಮೆರಿಕದ ಸರಕಾರವು 1950ರ ದಶಕದ ಮಧ್ಯದಲ್ಲಿ ನಾಲ್ಕು ಲಿಬರ್ಟಿಗಳನ್ನು ಆಯ್ದು, ‘ಥಾಮಸ್ ನೆಲ್ಸನ್’ಗೆ ಡೀಸೆಲನ್ನೂ ಮಿಕ್ಕವಕ್ಕೆ ಬೇರೆ ಬೇರೆ ಬಗೆಯ ಟರ್ಬೈನುಗಳನ್ನೂ ಅಳವಡಿಸಿತು. ವೇಗವೇನೋ ಹೆಚ್ಚಿತು, ಆದರೆ ಕಾರ್ಯಕ್ರಮವು ನಾಲ್ಕಕ್ಕೇ ನಿಂತಿತು. ಅವಸರದಲ್ಲಿ ಕಟ್ಟಿದ ಒಡಲಿಗೆ ಬೆಲೆಬಾಳುವ ಹೃದಯವನ್ನು ತೊಡಿಸುವುದು ಲಾಭದ ವ್ಯಾಪಾರವಲ್ಲವೆಂದೇ ನನಗೆ ತೋರುತ್ತದೆ.

1973ರ ತೈಲಸಂಕಟವು ಲೆಕ್ಕವನ್ನು ತಿರುವುಮುರುವು ಮಾಡಿತು. ಹೆಚ್ಚು ತೈಲ ನುಂಗುವ ಉಗಿಟರ್ಬೈನಿನ ಕಂಟೇನರ್ ಹಡಗುಗಳು ಡೀಸೆಲಿಗೆ ತಿರುಗಿದುವು. ಸರಕುಹಡಗಲ್ಲದ ‘ಕ್ವೀನ್ ಎಲಿಜಬೆತ್ 2’ ಕೂಡ 1986–87ರಲ್ಲಿ ಬ್ರೆಮರ್‌ಹಾವೆನ್ನಿನಲ್ಲಿ ಒಂಬತ್ತು ಡೀಸೆಲ್ ಯಂತ್ರಗಳನ್ನು ಪಡೆಯಿತು.

ಕೆಲಸವು ಸುಲಭದ್ದಲ್ಲ. ಬಾಯ್ಲರು, ಕಂಡೆನ್ಸರುಗಳನ್ನು ಹೊರತೆಗೆಯಲು ಎಷ್ಟೋ ವೇಳೆ ಹಡಗಿನ ಪಕ್ಕವನ್ನೇ ಕತ್ತರಿಸಬೇಕು. ಟರ್ಬೈನು ಏಕರೀತಿಯಾಗಿ ತಿರುಗಿದರೆ ಡೀಸೆಲ್ ಯಂತ್ರವು ಸಿಲಿಂಡರಿನ ಪ್ರತಿಯೊಂದು ದಹನಕ್ಕೂ ದಂಡವನ್ನು ತಿರುಚುವುದರಿಂದ, ತಳಹದಿಯನ್ನು ಹೊಸದಾಗಿ ಬೆಸೆದು, ಕಂಪನವನ್ನು ಗಣಿಸಿ, ಪ್ರೊಪೆಲ್ಲರಿನವರೆಗಿನ ದಂಡವನ್ನು ಕೂದಲೆಳೆಯಷ್ಟೂ ತಪ್ಪದಂತೆ ಒಂದೇ ರೇಖೆಗೆ ತರಬೇಕು. ಇಷ್ಟಾದಮೇಲೂ ಶಾಖಕ್ಕಾಗಿ ಒಂದು ಪುಟ್ಟ ಬಾಯ್ಲರು ಬೇಕಾಗುವುದುಂಟು!

ಈ ವಿದ್ಯೆಯು ನಿಜವಾಗಿ ನೆಲೆನಿಂತದ್ದು ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ. ಉಪ್ಪುನೀರು ಕೆಲವೇ ದಶಕಗಳಲ್ಲಿ ತಿಂದುಹಾಕುವ ಉಕ್ಕನ್ನು ಸಿಹಿನೀರು ಬಹುಕಾಲ ಕಾಪಾಡುವುದರಿಂದ, ಅಲ್ಲಿ ಯಂತ್ರವು ಮುದಿಯಾದರೂ ಒಡಲು ಗಟ್ಟಿಯಾಗಿರುತ್ತದೆ. ಸರೋವರಗಳ ನಡುವೆ ಹಡಗುಗಳನ್ನು ಏರಿಳಿಸುವ ಸೂ ಲಾಕುಗಳು ಮುಚ್ಚಿರುವ ಚಳಿಗಾಲವು ರಿಪೇರಿಗೆ ಹೇಳಿ ಮಾಡಿಸಿದ ಬಿಡುವು. ‘ಲೀ ಎ. ಟ್ರೆಗರ್ಥಾ’ವನ್ನೇ ನೋಡಬಹುದು: 1942ರಲ್ಲಿ ಕಟ್ಟಲ್ಪಟ್ಟು, ‘ಚಿವಾವಾ’ ಎಂಬ ನೌಕಾದಳದ ತೈಲವಾಹಕವಾಗಿ ಅಟ್ಲಾಂಟಿಕ್ ಸಾಗರದಲ್ಲಿ ದುಡಿದು, 1960ರ ದಶಕದ ಆರಂಭದಲ್ಲಿ ಅದಿರು ಸಾಗಿಸುವ ಹಡಗಾಗಿ ಮಾರ್ಪಟ್ಟು, ಆಮೇಲೆ ಉದ್ದವನ್ನೂ ತಾನೇ ಸರಕಿಳಿಸುವ ಸಾಮರ್ಥ್ಯವನ್ನೂ ಪಡೆದ ಈ ನೌಕೆಗೆ 2006ರಲ್ಲಿ ಡೀಸೆಲ್ ಬಂದಿತು. ಅದರ ಚಾಲಕಗೃಹದ ಮುಂಭಾಗದಲ್ಲಿ ಯುದ್ಧಸೇವೆಯ ಬಣ್ಣದ ಪಟ್ಟಿಗಳು ಇನ್ನೂ ಇವೆ. 1952ರಲ್ಲಿ ಕಟ್ಟಲಾದ ‘ಕೇ ಇ. ಬಾರ್ಕರ್’ 2012ರಲ್ಲಿ ಅದೇ ಹಾದಿ ಹಿಡಿಯಿತು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು, ಉಗಿಯನ್ನು ತೊರೆದು ಹೆಚ್ಚು ಶುಚಿಯಾದ ಡೀಸೆಲಿಗೆ ತಿರುಗಿದ ಸರೋವರನೌಕೆಗಳು 2025ರ ಕೊನೆಯವರೆಗೆ ಗಂಧಕ ಹೆಚ್ಚಿರುವ ಅಗ್ಗದ ತೈಲವನ್ನು ಉರಿಸಬಹುದೆಂದು ಉತ್ತೇಜನವಿತ್ತಿತು. ಶುಚಿತ್ವಕ್ಕೆ ಮಾಲಿನ್ಯವನ್ನೇ ಬಹುಮಾನವಾಗಿ ಕೊಡುವ ಈ ನೀತಿಯ ಚಮತ್ಕಾರಕ್ಕೆ ತಲೆದೂಗಲೇಬೇಕು.

ಗಟ್ಟಿಯಾದ ಒಡಲಿಗೆಲ್ಲ ಹೊಸ ಯಂತ್ರವು ದೊರೆಯುವುದೆಂದಲ್ಲ. 1906ರ ‘ಸೇಂಟ್ ಮೇರೀಸ್ ಚಾಲೆಂಜರ್’ 2013ರವರೆಗೆ ಸಿಮೆಂಟು ಸಾಗಿಸಿದಮೇಲೆ, ಯಂತ್ರವಿದ್ದ ಹಿಂಬದಿಯನ್ನು ಕಳೆದುಕೊಂಡು ಬಾರ್ಜ್ ಆಯಿತು. ಈಗ ಅದನ್ನು ತಳ್ಳುವುದು ಡೀಸೆಲ್ ಟಗ್. ಟಗ್ಗಿಗೆ ಹಡಗಿನಷ್ಟು ನಾವಿಕರು ಬೇಕಾಗುವುದಿಲ್ಲ.